ಖೋ ಸಿಗುವ ತನಕ ಕೂರುವುದು: ಶಾಲಾ ಖೋ-ಖೋ ಆಡುತ್ತಾ ಬೆಳೆಯುವ ದಾರಿ

"ಆಟ ಆಡಿದರೆ ಶಿಸ್ತು ಬರುತ್ತದೆ, ನಾಯಕತ್ವ ಬರುತ್ತದೆ" ಅಂತ ಕ್ರೀಡಾಕೂಟದ ಉದ್ಘಾಟನೆಗಳಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ತಾನಾಗಿ ಏನೂ ಬರುವುದಿಲ್ಲ. ಹೈಸ್ಕೂಲಿನುದ್ದಕ್ಕೂ ಆಡಿ, ಜಿಲ್ಲಾ ಮಟ್ಟದ ಸರ್ಟಿಫಿಕೇಟ್ ತಂದು, ಇವತ್ತಿಗೂ ಸೋತಾಗ ಅಂಪೈರ್ ಮೇಲೆ ಹಾಕುವವರು ಬೇಕಾದಷ್ಟು ಮಂದಿ ಇದ್ದಾರೆ. ಅದೇ ತಂಡದಲ್ಲಿ ಆಡಿ, ತಾಲೂಕು ಮಟ್ಟವನ್ನೂ ದಾಟದೆ, ಆದರೂ ಮೊದಲಿಗಿಂತ ಗಟ್ಟಿಯಾಗಿ ಹೊರಬಂದವರೂ ಇದ್ದಾರೆ. ಎರಡನೆಯ ಥರದವರು ಏನು ಮಾಡುತ್ತಾರೆ ಅನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಓದುವವರು 12ರಿಂದ 18ರ ವಯಸ್ಸಿನ ಆಟಗಾರರು ಅಂತ ಅಂದುಕೊಂಡಿದ್ದೇನೆ. ಮನೆಯವರಿಗೂ ಕೊನೆಯಲ್ಲಿ ನಾಲ್ಕು ಮಾತಿದೆ.

ಖೋ-ಖೋವನ್ನೇ ಯಾಕೆ ಆರಿಸಿದೆ ಅಂದರೆ ನಮ್ಮ ಕಡೆ ಅದಕ್ಕೆ ಖರ್ಚಿಲ್ಲ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಒಳಗಿನ ಶಾಲೆಗಳಲ್ಲಿ ಎರಡು ಕಂಬ, ಒಂದು ಸಮತಟ್ಟು ಜಾಗ, ಒಂದಿಷ್ಟು ಸುಣ್ಣದ ಪುಡಿ ಇದ್ದರೆ ಅಂಕಣ ಆಯಿತು. ಶೂ ಇಲ್ಲದೆಯೂ ಕಲಿಯಬಹುದು. ಇನ್ನೊಂದು ಕಾರಣವೂ ಇದೆ, ಅದು ಆಟದ ಒಳಗೇ ಇದೆ.

ಬೆನ್ನಟ್ಟುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಕೂತಿರುತ್ತಾರೆ. ಒಬ್ಬರು ಮಾತ್ರ ಓಡುತ್ತಾರೆ. ಕೂತವರು ಒಬ್ಬರು ಈ ಕಡೆ, ಪಕ್ಕದವರು ಆ ಕಡೆ ಮುಖ ಮಾಡಿ, 30 ಸೆಂಟಿಮೀಟರ್ ಅಗಲದ ಚೌಕದೊಳಗೆ ಕಾಲೂರಿ ಕಾಯುತ್ತಾರೆ. ಖೋ, ಅಂದರೆ ಓಡುತ್ತಿರುವವರು ಬೆನ್ನು ಮುಟ್ಟಿ "ಖೋ" ಅಂತ ಕೂಗಿ ಓಟವನ್ನು ನಿಮಗೆ ಒಪ್ಪಿಸುವುದು, ಬರುವುದು ಬೆನ್ನ ಹಿಂದಿನಿಂದ. ಅದು ಬರುವ ಮೊದಲೇ ಎದ್ದರೆ ಫೌಲ್. ಬಂದ ಮೇಲೆ ತಡ ಮಾಡಿದರೆ ಎದುರಿನ ಓಟಗಾರ್ತಿ ಕೈಗೆ ಸಿಗುವುದಿಲ್ಲ. ಎದ್ದು ಒಂದು ದಿಕ್ಕು ಹಿಡಿದರೆ ಕಂಬದ ತನಕ ಹಿಂದಕ್ಕೆ ತಿರುಗುವ ಹಾಗಿಲ್ಲ, ನಡುವಿನ ಪಟ್ಟಿ ದಾಟಿ ಆಚೆಗೆ ನುಗ್ಗುವ ಹಾಗೂ ಇಲ್ಲ. ಅಂದರೆ ಹೆಚ್ಚಿನ ಹೊತ್ತು ನೀವು ಕಾಯುತ್ತೀರಿ, ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ನಿರ್ಧಾರ ಮಾಡುತ್ತೀರಿ, ಅದು ತಪ್ಪಾದರೂ ಅದರ ಜೊತೆಗೇ ಮುಂದೆ ಓಡುತ್ತೀರಿ. ಈ ಮೂರನ್ನು ಬೇಕೆಂದೇ ಕಲಿತವರಿಗೆ ಅಂಕಣದ ಹೊರಗೂ ಅದು ಬರುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಬೆಳೆಯುವುದು ಓಡುವಾಗ ಕಡಿಮೆ, ಕೂತಾಗ ಜಾಸ್ತಿ.

ಮೊದಲ ಹೆಜ್ಜೆ: ಈ ಸೀಸನ್ನಿಗೆ ಒಂದೇ ಒಂದು ಗುಣ

ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಕೂತು ಯೋಚಿಸಿ. ನಿಮಗೆ ನಿಮ್ಮಲ್ಲೇ ಯಾವುದು ಬೇಸರ ತರಿಸುತ್ತದೆ? ಬೇಗ ಸಿಟ್ಟು ಬರುತ್ತದಾ? ಎದುರು ತಂಡ ದೊಡ್ಡ ಶಾಲೆಯದು ಅಂತ ಗೊತ್ತಾದರೆ ಕಾಲು ನಡುಗುತ್ತದಾ? ಯಾರಾದರೂ ತಪ್ಪು ತೋರಿಸಿದರೆ ಮುಖ ಊದಿಸಿಕೊಳ್ಳುತ್ತೀರಾ? ಗೆಳತಿಗೆ ಖೋ ಕೊಡುವುದಕ್ಕಿಂತ ನಾನೇ ಹಿಡಿಯಬೇಕು ಅಂತ ಓಡುತ್ತಲೇ ಇರುತ್ತೀರಾ? ಇದರಲ್ಲಿ ಒಂದನ್ನು ಮಾತ್ರ ಆರಿಸಿ. ಎರಡು ಬೇಡ.

ಆರಿಸಿದ್ದನ್ನು ಕಣ್ಣಿಗೆ ಕಾಣುವ ಕೆಲಸವನ್ನಾಗಿ ಬದಲಿಸಿ. "ಸಿಟ್ಟು ಮಾಡಿಕೊಳ್ಳಬಾರದು" ಅಂದರೆ ಅದು ಆಸೆ ಆಯಿತು, ಕೆಲಸ ಆಗಲಿಲ್ಲ. "ಔಟ್ ಕೊಟ್ಟ ಮೇಲೆ ಅಂಪೈರ್ ಮುಖ ನೋಡದೆ ನೇರ ಹೊರಗೆ ನಡೆದು, ನೀರು ಕುಡಿದು, ಆಮೇಲೆ ಮಾತಾಡುತ್ತೇನೆ" ಅಂದರೆ ಅದು ಮಾಡಿ ನೋಡಬಹುದಾದದ್ದು. ಮಾಡಿದಿರೋ ಇಲ್ಲವೋ ಅಂತ ಸಂಜೆ ಸರಿಯಾಗಿ ಹೇಳಬಹುದು. ಪಿಟಿ ಮೇಷ್ಟ್ರಿಗೋ ಟೀಚರ್‌ಗೋ ಇದನ್ನು ಹೇಳಿಡಿ. "ನಾನು ಹೀಗೆ ಮಾಡಬೇಕು ಅಂತಿದ್ದೇನೆ, ಮರೆತರೆ ನೆನಪಿಸಿ" ಅಂತ ಕೇಳುವ ಹುಡುಗನನ್ನು ಯಾವ ಮೇಷ್ಟ್ರೂ ಬೈಯುವುದಿಲ್ಲ.

ಎರಡನೆಯದು: ಒಂದು ನೋಟ್‌ಬುಕ್, ಮೂರು ಸಾಲು

ಹಳೆ ವರ್ಷದ ನೋಟ್‌ಬುಕ್‌ನಲ್ಲಿ ಉಳಿದ ಹಾಳೆ ಸಾಕು. ಅಭ್ಯಾಸ ಮುಗಿದ ಸಂಜೆ ಮೂರು ಸಾಲು ಬರೆಯಿರಿ. ಏನಾಯಿತು, ಯಾಕಾಯಿತು, ನಾಳೆ ಏನು. ಹೀಗೆ:

"ಮಂಗಳವಾರ. ಮೂರನೇ ಚೌಕ. ಖೋ ಬರುವ ಮೊದಲೇ ಎರಡು ಸಲ ಎದ್ದೆ.
ನಮ್ಮವಳ ಹೆಜ್ಜೆ ಸದ್ದು ಹತ್ತಿರ ಬಂತು ಅಂತ ಎದ್ದೆ. ಅವಳು ಹೆಸರಿಗೆ ಕೈ ಚಾಚಿ ಮುಂದಿನ ಚೌಕಕ್ಕೆ ಹೋದಳು.
ನಾಳೆ: ಕೈ ಬೆನ್ನಿಗೆ ತಾಗುವ ತನಕ ಹಿಮ್ಮಡಿ ಎತ್ತುವುದಿಲ್ಲ."

ನೋಡಿ, ಇದರಲ್ಲಿ "ನಾನು ದಡ್ಡಿ" ಅಂತ ಎಲ್ಲೂ ಇಲ್ಲ. "ಇವತ್ತು ಚೆನ್ನಾಗಿ ಆಡಲಿಲ್ಲ" ಅಂತಲೂ ಇಲ್ಲ, ಯಾಕೆಂದರೆ ಹಾಗೆ ಬರೆದರೆ ನಾಳೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಆದದ್ದು ಇದೆ, ಕಾರಣ ಇದೆ, ಮುಂದಿನ ಕೆಲಸ ಇದೆ. ಇದನ್ನು ಒಂದು ಸೀಸನ್ ಬರೆದವರು ಗಣಿತದ ಟೆಸ್ಟ್‌ನಲ್ಲಿ ಅಂಕ ಕಡಿಮೆ ಬಂದಾಗಲೂ ಉತ್ತರಪತ್ರಿಕೆಯನ್ನು ಬ್ಯಾಗಿನ ತಳಕ್ಕೆ ತುರುಕುವುದಿಲ್ಲ. ಎಲ್ಲಿ ಹೋಯಿತು ಅಂತ ಹುಡುಕುತ್ತಾರೆ. ತಮ್ಮ ತಪ್ಪನ್ನು ಹೆದರದೆ ನೋಡುವ ಅಭ್ಯಾಸ ಆಟದಲ್ಲಿ ಬಂದಷ್ಟು ಸುಲಭವಾಗಿ ಬೇರೆಲ್ಲೂ ಬರುವುದಿಲ್ಲ ಅಂತ ನಾನು ನಂಬಿದ್ದೇನೆ. ಅಲ್ಲಿ ತಪ್ಪು ಎಲ್ಲರ ಕಣ್ಣೆದುರೇ ಆಗುತ್ತದೆ, ಮುಚ್ಚಿಡುವುದಕ್ಕೆ ಜಾಗವೇ ಇಲ್ಲ ಅಲ್ವಾ.

ಮೂರನೆಯದು: ಕೂರುವುದನ್ನೇ ಅಭ್ಯಾಸ ಮಾಡಿ

ಹೆಚ್ಚಿನ ಮಕ್ಕಳು ಅಭ್ಯಾಸ ಅಂದರೆ ಓಟ, ಡೈವ್, ಕಂಬದ ತಿರುವು ಅಂತ ತಿಳಿದಿದ್ದಾರೆ. ಕೂತಿರುವ ಹೊತ್ತನ್ನು ವಿಶ್ರಾಂತಿ ಅಂದುಕೊಳ್ಳುತ್ತಾರೆ. ಒಳ್ಳೆಯ ತಂಡ ಮತ್ತು ಸಾಧಾರಣ ತಂಡದ ವ್ಯತ್ಯಾಸ ಇಲ್ಲೇ ಇದೆ.

ಮೊದಲು ಭಂಗಿ. ಅಂಗಾಲು ಪೂರ್ತಿ ನೆಲಕ್ಕೆ ಊರಿ ಆರಾಮಾಗಿ ಕೂತರೆ ಏಳುವುದಕ್ಕೆ ಹೊತ್ತು ಬೇಕು. ಭಾರ ಬೆರಳುಗಳ ಬುಡದ ಮೇಲಿರಲಿ, ಒಂದು ಕಾಲು ಒಂಚೂರು ಹಿಂದಿರಲಿ, ಕೈ ನೆಲದ ಹತ್ತಿರ, ತಲೆ ಎತ್ತಿ. ಮನೆಯ ಜಗಲಿಯಲ್ಲಿ ಸೀಮೆಸುಣ್ಣದಿಂದ 30 ಸೆಂಟಿಮೀಟರ್‌ನ ಚೌಕ ಬರೆದು ತಮ್ಮನನ್ನೋ ತಂಗಿಯನ್ನೋ ಹಿಂದೆ ನಿಲ್ಲಿಸಿ. ಅವರು ಯಾವಾಗ ಬೇಕಾದರೂ ಬೆನ್ನು ಮುಟ್ಟಿ ಖೋ ಅನ್ನಲಿ. ಕೆಲವು ಸಲ ಬರೀ ಕಾಲು ಸಪ್ಪಳ ಮಾಡಿ ಮೋಸ ಮಾಡಲಿ. ಮೊದಲ ಎರಡು ಹೆಜ್ಜೆ ಮಾತ್ರ ಓಡಿ, ವಾಪಸ್ ಬಂದು ಕೂರಿ. ಹತ್ತು ನಿಮಿಷಕ್ಕೇ ತೊಡೆ ಉರಿಯುತ್ತದೆ. ನಮ್ಮೂರಿನ ಮಕ್ಕಳಿಗೆ ಕುಕ್ಕರಗಾಲಲ್ಲಿ ಕೂತು ಅಡಿಕೆ ಹೆಕ್ಕಿ ಅಭ್ಯಾಸ ಇರುವುದರಿಂದ ಇದು ಬೇಗ ಒಗ್ಗುತ್ತದೆ.

ಆಮೇಲೆ ಕಣ್ಣು. ಕೂತಲ್ಲಿಂದ ನಿಮಗೆ ಕಾಣುವುದು ಅಂಕಣದ ಅರ್ಧ ಮಾತ್ರ. ಎದುರು ತಂಡದ ಓಟಗಾರರು ಮೂವರು ಮೂವರಾಗಿ ಅಂಕಣಕ್ಕೆ ಇಳಿಯುತ್ತಾರೆ. ಆ ಮೂವರಲ್ಲಿ ನಿಮ್ಮ ಅರ್ಧದಲ್ಲಿ ಓಡುತ್ತಿರುವವರು ಯಾರು, ಸುಸ್ತಾದವರು ಯಾರು, ಯಾರು ಪ್ರತಿ ಸಲವೂ ಎಡಕ್ಕೇ ತಿರುಗುತ್ತಾರೆ, ಯಾರು ಕಂಬದ ಹತ್ತಿರ ಹೋದರೆ ಗಾಬರಿಯಾಗುತ್ತಾರೆ, ಇದನ್ನೆಲ್ಲ ಓದಿಕೊಳ್ಳಿ. ಖೋ ಬಂದಾಗ ಯಾವ ಕಡೆ ಓಡಬೇಕು ಅನ್ನುವುದು ಮೊದಲೇ ನಿರ್ಧಾರವಾಗಿರಬೇಕು, ಎದ್ದ ಮೇಲೆ ಯೋಚಿಸಿದರೆ ತಡವಾಯಿತು. ಕೂತ ಹೊತ್ತಿನಲ್ಲಿ ಮನಸ್ಸು ಪ್ರೇಕ್ಷಕರ ಕಡೆ, ಅಪ್ಪ ಬಂದಿದ್ದಾರಾ ಅನ್ನುವ ಕಡೆ, ಹಿಂದಿನ ಓಟದಲ್ಲಿ ಕೈ ತಪ್ಪಿದ್ದರ ಕಡೆ ಓಡುತ್ತದೆ. ಓಡಲಿ, ಅದು ಸಹಜ. ಓಡಿದ್ದು ಗೊತ್ತಾದ ಕೂಡಲೇ ಎದುರಿನ ಓಟಗಾರ್ತಿಯ ಕಾಲಿನ ಮೇಲೆ ಕಣ್ಣಿಡಿ. ಮತ್ತೆ ಓಡಿದರೆ ಮತ್ತೆ ಇಡಿ. ಸರದಿ ವಯೋಮಿತಿಗೆ ತಕ್ಕಂತೆ 7 ಅಥವಾ 9 ನಿಮಿಷ, ಅಷ್ಟು ಹೊತ್ತು ಮನಸ್ಸನ್ನು ಹೀಗೆ ಎಳೆದು ತರುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಮೂರನೆಯದಾಗಿ ನಂಬಿಕೆ. ಖೋ ಕೊಡುವವಳು ನಿಮಗೆ ಕಾಣುವುದಿಲ್ಲ. ಅವಳು ಸರಿಯಾದ ಹೊತ್ತಿಗೆ ಕೊಡುತ್ತಾಳೆ ಅಂತ ನಂಬಲೇಬೇಕು. ಅಭ್ಯಾಸದಲ್ಲಿ ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರ ಪಕ್ಕದ ಚೌಕದಲ್ಲೇ ಕೂರುತ್ತೇನೆ ಅಂತ ಕೇಳಿಕೊಳ್ಳಿ. ಮಾತು ತಾನಾಗಿ ಶುರುವಾಗುತ್ತದೆ, ಆಟ ಅದನ್ನು ಮಾಡಿಸುತ್ತದೆ.

ಮಳೆಗಾಲಕ್ಕೆ ಒಂದು ಬೇರೆ ಲೆಕ್ಕ

ಶಾಲಾ ಕ್ರೀಡಾಕೂಟಗಳು ಬರುವುದೇ ನಮ್ಮ ಮಳೆಗಾಲದಲ್ಲಿ. ಜುಲೈ, ಆಗಸ್ಟ್‌ನಲ್ಲಿ ವಲಯ ಮಟ್ಟ, ತಾಲೂಕು ಮಟ್ಟ, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಶಿವಮೊಗ್ಗ ಇರುವುದು ಬೆಂಗಳೂರು ವಿಭಾಗದಲ್ಲಿ, ಹಾಗಾಗಿ ಜಿಲ್ಲೆ ಗೆದ್ದರೆ ಮುಂದೆ ಬಯಲುಸೀಮೆಯ ತಂಡಗಳು ಎದುರಾಗುತ್ತವೆ. ಅವರ ಮೈದಾನ ಒಣಗಿರುತ್ತದೆ, ನಮ್ಮದು ಕೆಸರು. ಆಗುಂಬೆ ಕಡೆಯ ಶಾಲೆಯವರಿಗಂತೂ ಒಂದು ವಾರ ಸರಿಯಾಗಿ ಅಂಕಣ ಸಿಕ್ಕಿದರೆ ಹಬ್ಬ. ಮಳೆ ಜೋರಾದರೆ ಜಿಲ್ಲಾಧಿಕಾರಿ ರಜೆ, ಆಗ ಅಭ್ಯಾಸವೂ ಇಲ್ಲ.

ಇದಕ್ಕೆ ಗೊಣಗಬೇಡಿ, ಯೋಜನೆ ಮಾಡಿ. ಓಟದ ಕಸುವನ್ನು ಏಪ್ರಿಲ್, ಮೇ ರಜೆಯಲ್ಲೇ ಕಟ್ಟಿಕೊಳ್ಳಿ. ಮಳೆಯಲ್ಲಿ ಜಗಲಿ, ಶಾಲೆಯ ವರಾಂಡ, ಸಮುದಾಯ ಭವನದ ಒಳಗೆ ಮಾಡಬಹುದಾದದ್ದನ್ನು ಇಟ್ಟುಕೊಳ್ಳಿ: ಕೂತು ಏಳುವುದು, ಪಕ್ಕಕ್ಕೆ ಜಿಗಿಯುವುದು, ಹಗ್ಗದಾಟ, ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಹೊಟ್ಟೆ ಮತ್ತು ಬೆನ್ನಿನ ಕಸರತ್ತು. ಸಿಮೆಂಟ್ ನೆಲದ ಮೇಲೆ ಡೈವ್ ಬೇಡವೇ ಬೇಡ. ಮಳೆ ಬಿಟ್ಟ ದಿನ ಮೈದಾನದಲ್ಲಿ ಡೈವ್, ಕಂಬದ ತಿರುವು, ಸರಪಳಿ ಓಟ (ಕೂತವರ ನಡುವೆ ಅತ್ತಿತ್ತ ನುಸುಳಿ ಓಡುವುದು) ಮಾತ್ರ ಮಾಡಿ, ಬೇರೆಲ್ಲ ಒಳಗೇ ಆಗುತ್ತದೆ. ಇರುವುದರಲ್ಲಿ ಕೆಲಸ ನಡೆಸುವುದನ್ನು ಹೀಗೆ ಕಲಿತವರು ಮುಂದೆ ಹಾಸ್ಟೆಲ್‌ನಲ್ಲಿ, ಕೆಲಸದಲ್ಲಿ ಸೌಕರ್ಯ ಇಲ್ಲ ಅಂತ ಕೈ ಕಟ್ಟಿ ಕೂರುವುದಿಲ್ಲ.

ನವೆಂಬರ್‌ನಿಂದ ಮೇ ತನಕ ಇನ್ನೊಂದು ಎಚ್ಚರಿಕೆ. ಕಾಡಂಚಿನ ದಾರಿಯಲ್ಲಿ ಓಟದ ಅಭ್ಯಾಸ ಬೇಡ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಬಳಿ. ಅದು ಉಣುಗಿನಿಂದ ಹರಡುತ್ತದೆ. ಹೋಗಲೇಬೇಕಾದರೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈ ತುಂಬ ಬಟ್ಟೆ ಹಾಕಿ ಹೋಗಿ, ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ತೊಳೆಯಿರಿ. ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ಮಳೆಗಾಲದ ಉಂಬಳ (ಜಿಗಣೆ) ಕಿರಿಕಿರಿ ಅಷ್ಟೇ, ಅದಕ್ಕೆ ಹೆದರಬೇಕಿಲ್ಲ.

ನಾಲ್ಕನೆಯದು: ಹೆಸರು ಪಟ್ಟಿಯಲ್ಲಿ ಇಲ್ಲದ ದಿನ

ತಂಡಕ್ಕೆ 12 ಮಂದಿ, ಅಂಕಣಕ್ಕೆ ಇಳಿಯುವವರು 9. ಹಾಗಾಗಿ ಯಾರೋ ಮೂವರು ಹೊರಗೆ ಕೂರಲೇಬೇಕು. ಅದಕ್ಕೂ ಮುಂಚೆ 12ರಲ್ಲೇ ಜಾಗ ಸಿಗದವರು ಇನ್ನೂ ಜಾಸ್ತಿ. ಆ ದಿನ ಏನು ಮಾಡುತ್ತೀರಿ ಅನ್ನುವುದು ನಿಮ್ಮ ಇಡೀ ಸೀಸನ್ನಿನ ಮುಖ್ಯ ಪರೀಕ್ಷೆ.

ಅಳು ಬಂದರೆ ಅಳಿ. ಮರುದಿನ ಮೇಷ್ಟ್ರ ಹತ್ತಿರ ಒಬ್ಬರೇ ಹೋಗಿ. "ನನ್ನನ್ನು ಯಾಕೆ ತೆಗೆದುಕೊಂಡಿಲ್ಲ" ಅಂತ ಕೇಳಿದರೆ ಅವರು ಸಮರ್ಥನೆ ಕೊಡಲು ಶುರು ಮಾಡುತ್ತಾರೆ. "ಮುಂದಿನ ಸಲಕ್ಕೆ ನಾನು ಯಾವುದನ್ನು ಸುಧಾರಿಸಬೇಕು" ಅಂತ ಕೇಳಿ, ಹೇಳಿದ್ದನ್ನು ಅಲ್ಲೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಅಪ್ಪ ಅಮ್ಮನನ್ನು ಕಳಿಸಬೇಡಿ. ದೊಡ್ಡವರ ಮುಂದೆ ನಿಂತು ನಿಮ್ಮ ಮಾತನ್ನು ನೀವೇ ಆಡುವುದು ಚಿಕ್ಕ ವಿಷಯ ಅಲ್ಲ, ಪಿಯುಸಿ ಮುಗಿಸಿದ ಎಷ್ಟೋ ಮಂದಿಗೆ ಅದು ಬರುವುದಿಲ್ಲ.

ಅಭ್ಯಾಸ ಮಾತ್ರ ಬಿಡಬೇಡಿ. ಹೊರಗೆ ಕೂತವರಿಗೆ ಪೂರ್ತಿ ಅಂಕಣ ಕಾಣುತ್ತದೆ. ಎದುರು ತಂಡದ ಮೊದಲ ಮೂವರು ಓಟಗಾರರು ಹೇಗೆ ಓಡುತ್ತಾರೆ ಅಂತ ನೋಡಿ, ಬಿಡುವಿನಲ್ಲಿ ನಿಮ್ಮ ನಾಯಕಿಗೆ ಎರಡೇ ವಾಕ್ಯದಲ್ಲಿ ಹೇಳಿ. "ಉದ್ದ ಜಡೆಯವಳು ರಿಂಗ್ ಆಡುತ್ತಾಳೆ (ಸುತ್ತು ಹಾಕುತ್ತಾ ಓಡುತ್ತಾಳೆ), ಎರಡು ಸುತ್ತಿಗೆ ಸುಸ್ತಾಗುತ್ತಾಳೆ." ಇಂಥ ಒಂದು ಮಾತು ಒಂದು ಔಟ್‌ಗೆ ಸಮ. ಈ ಕೆಲಸ ಮಾಡುವವರಿಗೆ ಎಲ್ಲ ತಂಡದಲ್ಲೂ ಬೆಲೆ ಇದೆ.

ಐದನೆಯದು: ಸೋತ ಸಂಜೆ

ಸೋತ ಕೂಡಲೇ ಕಾರಣ ಹುಡುಕಬೇಡಿ. ಎದುರು ತಂಡದ ಒಂಬತ್ತೂ ಮಂದಿಯ ಕೈ ಕುಲುಕಿ, ಮುಖ ನೋಡಿ ಕುಲುಕಿ. ನಿಮ್ಮ ತಂಡದ ಚಾಪೆ, ನೀರಿನ ಬಾಟಲಿ ಎಲ್ಲ ಎತ್ತಿಟ್ಟು ಊಟ ಮಾಡಿ. ವ್ಯಾನಿನಲ್ಲೋ ಬಸ್ಸಿನಲ್ಲೋ ವಾಪಸ್ ಬರುವಾಗ ಯಾರನ್ನೂ ದೂರಬೇಡಿ, ನಿಮ್ಮನ್ನೂ ದೂರಿಕೊಳ್ಳಬೇಡಿ. ಮರುದಿನ ನೋಟ್‌ಬುಕ್ ತೆಗೆಯಿರಿ. ಅದೇ ಮೂರು ಸಾಲು.

ಭದ್ರಾವತಿಯ ಹುಡುಗ ಒಬ್ಬನ ವಿಷಯ ಎಲ್ಲ ಮಕ್ಕಳಿಗೂ ಗೊತ್ತಿರಬೇಕು. ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ ಭದ್ರಾವತಿಯಲ್ಲಿ. 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಅವರ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. 20 ವರ್ಷದ ಹುಡುಗ, ದೇಶದ ಮುಂದೆ ಸೊನ್ನೆ ಹೊಡೆದು ಪೆವಿಲಿಯನ್ನಿಗೆ ನಡೆದು ಬಂದ. ಅದೇ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ 137. ಸೊನ್ನೆಗೂ 137ಕ್ಕೂ ನಡುವೆ ಅವರ ಕೈಗೆ ಹೊಸ ಪ್ರತಿಭೆ ಬಂದು ಸೇರಲಿಲ್ಲ. ಅದೇ ಕೈ, ಅದೇ ಮಣಿಕಟ್ಟು. ನಡುವಿನ ಹೊತ್ತಿನಲ್ಲಿ ಅವರು ಸೊನ್ನೆಯನ್ನು ಹೊತ್ತುಕೊಂಡು ಕೂರಲಿಲ್ಲ. ನಿಮ್ಮ ಮೊದಲ ಸರದಿಯಲ್ಲಿ ಬೇಗ ಔಟ್ ಆದರೆ ಎರಡನೇ ಸರದಿ ಇನ್ನೂ ಬಾಕಿ ಇದೆ, ಅಷ್ಟು ನೆನಪಿಟ್ಟರೆ ಸಾಕು.

ಆರನೆಯದು: ಸುಳ್ಳಿನ ಗೆಲುವು ಬೇಡ

ಇದರ ಬಗ್ಗೆ ನನಗೆ ಬಹಳ ಗಟ್ಟಿಯಾದ ಅಭಿಪ್ರಾಯ ಇದೆ. ಖೋ-ಖೋದಲ್ಲಿ ಬೆರಳ ತುದಿ ತಾಗಿದ್ದು ಇಬ್ಬರಿಗೆ ಮಾತ್ರ ಗೊತ್ತಾಗುತ್ತದೆ, ಮುಟ್ಟಿದವರಿಗೆ ಮತ್ತು ಮುಟ್ಟಿಸಿಕೊಂಡವರಿಗೆ. ಅಂಪೈರ್ ನೋಡದೇ ಇರಬಹುದು. ಆಗ ಏನು ಮಾಡಬೇಕು?

ಮತ್ತೆ ವಿಶ್ವನಾಥ್ ಅವರದೇ ಉದಾಹರಣೆ. 1980ರ ಫೆಬ್ರವರಿ, ಮುಂಬೈಯಲ್ಲಿ ಇಂಗ್ಲೆಂಡ್ ಎದುರಿನ ಸುವರ್ಣ ಮಹೋತ್ಸವ ಟೆಸ್ಟ್. ಅವರೇ ನಾಯಕ. ಇಂಗ್ಲೆಂಡ್ ಕಷ್ಟದಲ್ಲಿತ್ತು. ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ವಿಶ್ವನಾಥ್‌ಗೆ ಖಾತ್ರಿಯಾಯಿತು, ಮನವಿ ವಾಪಸ್ ತೆಗೆದುಕೊಂಡು ಟೇಲರ್‌ರನ್ನು ಆಡಲು ಕರೆದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಜೊತೆಯಾಟ ಆಡಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಪಂದ್ಯ ಹೋಯಿತು. ಇಷ್ಟು ವರ್ಷ ಆದ ಮೇಲೂ ಕ್ರಿಕೆಟ್ ಗೊತ್ತಿರುವವರು ಆ ಪಂದ್ಯದ ಬಗ್ಗೆ ಮಾತಾಡುವಾಗ ಮೊದಲು ಹೇಳುವುದು ಇದನ್ನೇ. ಹಾಗಾಗಿ ಕೈ ತಾಗಿದ್ದು ಗೊತ್ತಾದರೆ ನೀವಾಗಿಯೇ ಹೊರಗೆ ನಡೆಯಿರಿ. ಒಂದು ಔಟ್ ಹೋಗುತ್ತದೆ, ಹೋಗಲಿ.

ವಯಸ್ಸಿನ ವಿಷಯವೂ ಇದೇ. 14, 17, 19 ವರ್ಷದೊಳಗಿನವರು ಅಂತ ವಿಂಗಡಣೆ ಇರುವುದು ಸಣ್ಣ ಮಕ್ಕಳು ದೊಡ್ಡವರ ಎದುರು ನಲುಗಬಾರದು ಅಂತ. ದಾಖಲೆ ತಿದ್ದಿ ಕೆಳಗಿನ ಗುಂಪಿನಲ್ಲಿ ಆಡಿಸುವ ದೊಡ್ಡವರು ಸಿಕ್ಕರೆ ಬೇಡ ಅನ್ನಿ. ಮೂರು ವರ್ಷ ಚಿಕ್ಕವರನ್ನು ಸೋಲಿಸಿ ತಂದ ಕಪ್ ನೋಡುವಾಗ ಹುಡುಗನಿಗೆ ಒಳಗೆ ಏನು ಅನಿಸುತ್ತದೆ ಅಂತ ಆ ದೊಡ್ಡವರು ಯೋಚಿಸುವುದಿಲ್ಲ. ಸುಳ್ಳು ಹಿಡಿದುಬಿಟ್ಟರೆ ತಂಡಕ್ಕೆ ತಂಡವೇ ಮನೆಗೆ ಹೋಗುತ್ತದೆ.

ಮೈಯನ್ನು ನೋಡಿಕೊಳ್ಳುವುದು

ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಮೊಬೈಲ್ ಹಿಡಿದು ಹನ್ನೆರಡರ ತನಕ ಎದ್ದಿದ್ದು, ಬೆಳಿಗ್ಗೆ ಐದಕ್ಕೆ ಓಡಲು ಹೋದರೆ ಮೈ ಕಟ್ಟುವುದಿಲ್ಲ, ಮುರಿಯುತ್ತದೆ. ಊಟಕ್ಕೆ ಪೌಡರ್ ಡಬ್ಬಿ ಬೇಡ. ಅಕ್ಕಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಟ್ಟೆ, ನೆಲಗಡಲೆ, ಬಾಳೆಹಣ್ಣು, ಮಜ್ಜಿಗೆ, ಇಷ್ಟು ನಮ್ಮ ಮನೆಗಳಲ್ಲೇ ಇದೆ. ಪಂದ್ಯದ ದಿನ ಆಟಕ್ಕೆ ಎರಡು ಮೂರು ಗಂಟೆ ಮುಂಚೆ ತಿಂದು ಮುಗಿಸಿ.

ಬೇಗ ಉದ್ದ ಬೆಳೆಯುತ್ತಿರುವ ಮಕ್ಕಳಿಗೆ ಮೊಣಕಾಲ ಚಿಪ್ಪಿನ ಕೆಳಗೆ ಗಂಟು ಗಂಟಾಗಿ ನೋವು ಬರಬಹುದು. ಕೂತು ಏಳುವ ಆಟದಲ್ಲಿ ಇದು ಇನ್ನೂ ಬೇಗ ಕಾಣುತ್ತದೆ. ನೋವು ನುಂಗಿಕೊಂಡು ಆಡುವುದು ಶೌರ್ಯ ಅಲ್ಲ. ಕೆಲವು ವಾರ ಕಡಿಮೆ ಮಾಡಿ, ಡಾಕ್ಟರಿಗೆ ತೋರಿಸಿ. ಕಾಲು ಉಳುಕಿದರೆ ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಕಾಲು ಎತ್ತರದಲ್ಲಿ ಇಡಿ. ಉಳುಕಿದ ಕಾಲನ್ನು ಅಲ್ಲೇ ತಿಕ್ಕಿ ಎಳೆಯುವುದು ಬೇಡ. ತಲೆ ಕಂಬಕ್ಕೆ ಬಡಿದರೆ, ತಲೆಸುತ್ತು ಇಲ್ಲದಿದ್ದರೂ, ಆ ದಿನ ಮತ್ತೆ ಅಂಕಣಕ್ಕೆ ಇಳಿಯಬೇಡಿ, ಎಂಥ ಫೈನಲ್ ಆದರೂ ಸರಿ.

ಓದು ಮತ್ತು ಕೊನೆ ಬಸ್ಸು

ಆಟದಿಂದ ಓದು ಹಾಳಾಗುತ್ತದೆ ಅನ್ನುವ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ಅದಕ್ಕೆ ಬಾಯಲ್ಲಿ ಉತ್ತರ ಕೊಡಬೇಡಿ, ವೇಳಾಪಟ್ಟಿ ತೋರಿಸಿ. ಶಾಲಾ ಕೂಟಗಳ ಗಡಿಬಿಡಿ ಮಳೆಗಾಲದಿಂದ ದೀಪಾವಳಿ ಆಸುಪಾಸಿನ ತನಕ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ನಡುವೆ ತಿಂಗಳುಗಳಿವೆ. ಕೂಟಕ್ಕೆ ಹೋಗಿ ತಪ್ಪಿದ ಪಾಠಗಳನ್ನು ಬರೆದಿಟ್ಟುಕೊಂಡು ಅದೇ ವಾರ ಗೆಳೆಯರಿಂದ ತುಂಬಿಕೊಳ್ಳಿ, ತಿಂಗಳ ಕೊನೆಗೆ ಬಿಡಬೇಡಿ.

ಕೊನೆ ಬಸ್ಸು ನಮ್ಮಲ್ಲಿ ನಿಜವಾದ ಸಮಸ್ಯೆ. ಸಂಜೆ ಬಸ್ಸು ತಪ್ಪಿದರೆ ಕಾಡಿನ ದಾರಿಯಲ್ಲಿ ಕಿಲೋಮೀಟರ್‌ಗಟ್ಟಲೆ ನಡಿಗೆ. ಅದಕ್ಕಾಗಿಯೇ ಆಟ ಬಿಟ್ಟ ಮಕ್ಕಳು ಬಹಳ ಇದ್ದಾರೆ, ನೆನೆದರೆ ಹೊಟ್ಟೆ ಉರಿಯುತ್ತದೆ. ಅಭ್ಯಾಸವನ್ನು ಬೆಳಗಿನ ಹೊತ್ತಿಗೆ ಬದಲಿಸಬಹುದಾ ಅಂತ ಮೇಷ್ಟ್ರನ್ನು ಕೇಳಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಉದ್ದದ ಅಭ್ಯಾಸ ಇಟ್ಟುಕೊಳ್ಳಬಹುದು. ಒಂದೇ ದಾರಿಯ ಮಕ್ಕಳ ಮನೆಯವರು ಸೇರಿ ಸರದಿ ಮೇಲೆ ಜೀಪೋ ಆಟೋವೋ ಮಾಡಿಕೊಳ್ಳಬಹುದು. ಅಡಿಕೆ ಕೊಯ್ಲಿನ ಕಾಲದಲ್ಲಿ ಮನೆಯಲ್ಲಿ ನಿಮ್ಮ ಕೈ ಬೇಕಾಗುತ್ತದೆ. ಆಗ ಅಭ್ಯಾಸ ಕಡಿಮೆ ಮಾಡಿ, ಮನೆಯ ಕೆಲಸ ಮಾಡಿ. ಅದನ್ನು ನೋಡಿದ ಮನೆಯವರು ಪಂದ್ಯದ ದಿನ ತಡೆಯುವುದಿಲ್ಲ.

ಹುಡುಗಿಯರಿಗೆ

ಏಳು, ಎಂಟನೇ ತರಗತಿ ಮುಗಿಯುತ್ತಿದ್ದಂತೆ "ಇನ್ನು ಸಾಕು" ಅಂತ ಹೇಳುವವರು ಹುಟ್ಟಿಕೊಳ್ಳುತ್ತಾರೆ. ಅಂಥವರಿಗೆ ಒಂದು ವಿಷಯ ಹೇಳಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ಕರ್ನಾಟಕದ ಚೈತ್ರಾ ಬಿ. ಇದ್ದರು. ಪುರುಷರ ತಂಡವೂ ನೇಪಾಳವನ್ನೇ 54–36ರಿಂದ ಸೋಲಿಸಿತು, ಅದರಲ್ಲಿ ನಮ್ಮ ರಾಜ್ಯದ ಗೌತಮ್ ಎಂ.ಕೆ. ಇದ್ದರು. ಶಾಲೆಯ ಅಂಗಳದಲ್ಲಿ ಆಡುವ ಆಟಕ್ಕೆ ಇವತ್ತು ವಿಶ್ವಕಪ್ ಇದೆ.

ಮುಟ್ಟಿನ ದಿನಗಳಲ್ಲಿ ಆಡಬಾರದು ಅನ್ನುವುದಕ್ಕೆ ವೈದ್ಯಕೀಯ ಕಾರಣ ಇಲ್ಲ. ಮೈ ಒಪ್ಪಿದರೆ ಆಡಿ, ನೋವು ಜಾಸ್ತಿ ಇದ್ದರೆ ಬಿಡಿ, ನಿರ್ಧಾರ ನಿಮ್ಮದು. ಕೂಟಕ್ಕೆ ಹೋಗುವಾಗ ಜೊತೆಗೆ ಮಹಿಳಾ ಶಿಕ್ಷಕಿ ಇರಲೇಬೇಕು, ಶೌಚಾಲಯ ಎಲ್ಲಿದೆ ಅಂತ ಮೊದಲೇ ಕೇಳಿ ತಿಳಿಯಿರಿ. ಇದು ಹುಡುಗರಿಗೂ ಹೇಳುವ ಮಾತು: ತರಬೇತಿ ಹೆಸರಲ್ಲಿ ಯಾರಾದರೂ ಒಬ್ಬರನ್ನೇ ಕೋಣೆಗೆ ಕರೆದರೆ, ಬೇಡದ ಕಡೆ ಮುಟ್ಟಿದರೆ, ಯಾರಿಗೂ ಹೇಳಬೇಡ ಅಂದರೆ, ಅದೇ ದಿನ ಮನೆಯಲ್ಲಿ ಹೇಳಿ. ಹೇಳಲು ಆಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ತಂಡದ ಜಾಗ ಹೋಗುತ್ತದೆ ಅಂತ ಹೆದರಿ ಸುಮ್ನೆ ಇರಬೇಡಿ.

ಮನೆಯವರಿಗೆ ನಾಲ್ಕು ಮಾತು

ಮಗು ಮನೆಗೆ ಬಂದ ಕೂಡಲೇ "ಗೆದ್ದೆಯಾ" ಅಂತ ಕೇಳಬೇಡಿ. ಸ್ನಾನಕ್ಕೆ ಬಿಸಿನೀರು ಕೊಟ್ಟು, ಊಟ ಹಾಕಿ, ಅವರೇ ಮಾತು ಶುರು ಮಾಡುವ ತನಕ ಕಾಯಿರಿ. ಪಂದ್ಯ ನೋಡಲು ಬಂದರೆ ಅಂಕಣದ ಹೊರಗಿನಿಂದ ಕೂಗಿ ಹೇಳಿಕೊಡಬೇಡಿ, ಮಗುವಿಗೆ ಮೇಷ್ಟ್ರ ಮಾತು ಕೇಳಬೇಕೋ ಅಪ್ಪನ ಮಾತು ಕೇಳಬೇಕೋ ಗೊತ್ತಾಗದೆ ಕಾಲು ನಿಲ್ಲುತ್ತದೆ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ. ಸರ್ಟಿಫಿಕೇಟ್‌ಗಳ ಮೂಲ ಪ್ರತಿ ಜೋಪಾನವಾಗಿಡಿ. ವೃತ್ತಿ ಕೋರ್ಸ್ ಪ್ರವೇಶದಲ್ಲಿ ಕ್ರೀಡಾ ಕೋಟಾ ಇದೆ, ಕ್ರೀಡಾ ಇಲಾಖೆಯ ಹಾಸ್ಟೆಲ್‌ಗಳ ಆಯ್ಕೆಯೂ ನಡೆಯುತ್ತದೆ. ಆದರೆ ಅದೊಂದೇ ಕಾರಣಕ್ಕೆ ಮಗುವನ್ನು ಆಡಿಸಬೇಡಿ. ಸೀಟು ಸಿಗುವುದು ಬೆರಳೆಣಿಕೆಯ ಮಂದಿಗೆ.

ಆಡುವುದು ನಿಂತ ಮೇಲೆ

ಪಿಯುಸಿ ಹೊತ್ತಿಗೆ ಹೆಚ್ಚಿನವರ ಸ್ಪರ್ಧೆಯ ಆಟ ನಿಲ್ಲುತ್ತದೆ. ಆಗ ಹತ್ತಿರದ ಪ್ರಾಥಮಿಕ ಶಾಲೆಗೆ ಹೋಗಿ. ಬಹಳ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲ, ಪಾಠದ ಮೇಷ್ಟ್ರೇ ಸೀಟಿ ಊದುತ್ತಾರೆ. ಮುಖ್ಯ ಶಿಕ್ಷಕರನ್ನು ಕೇಳಿ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಐದನೇ, ಆರನೇ ತರಗತಿಯವರಿಗೆ ಹೇಳಿಕೊಡಿ. ಮೊದಲ ವಾರ ಓಡಿಸಬೇಡಿ. ಎಂಟು ಚೌಕ ಬರೆದು, ಒಬ್ಬರು ಈ ಕಡೆ ಒಬ್ಬರು ಆ ಕಡೆ ಕೂರಿಸಿ, ಖೋ ಬರುವ ತನಕ ಏಳದೆ ಇರುವುದನ್ನು ಕಲಿಸಿ. ಮಕ್ಕಳು ನಕ್ಕು ನಕ್ಕು ಬೀಳುತ್ತಾರೆ, ಮೊದಮೊದಲು ಎಲ್ಲರೂ ಬೇಗನೇ ಏಳುತ್ತಾರೆ. ಬೈಯಬೇಡಿ, ಮತ್ತೆ ಕೂರಿಸಿ. ಎರಡನೇ ವಾರಕ್ಕೆ ಸ್ಕೋರ್ ಬರೆಯುವುದನ್ನೂ ಹೇಳಿಕೊಡಿ, ಓಡಲು ಇಷ್ಟವಿಲ್ಲದ ಮಕ್ಕಳು ಅದನ್ನು ಬಹಳ ಆಸೆಯಿಂದ ಮಾಡುತ್ತಾರೆ, ಮುಂದೆ ಅವರಲ್ಲೇ ಒಬ್ಬರು ಅಂಪೈರ್ ಆಗಬಹುದು.